ಕರಡಿ, ಚೂರಿ, ಕೋವಿ

ವಾಷಿಂಗ್ಟನ್ನಿಗೂ ಬ್ರಸೆಲ್ಸಿಗೂ ಮನಸ್ತಾಪ ಬಂದಾಗಲೆಲ್ಲ ಪತ್ರಿಕೆಗಳ ಸಂಪಾದಕೀಯ ಪುಟಗಳಲ್ಲಿ ಎರಡು ಗ್ರಹಗಳು ಮೂಡುತ್ತವೆ. ಅಮೆರಿಕಕ್ಕೆ ಮಂಗಳ, ಯುರೋಪಿಗೆ ಶುಕ್ರ. ಈ ಹಂಚಿಕೆಗೆ ಹೆಸರಾದವರು ರಾಬರ್ಟ್ ಕೇಗನ್. 2002ರಲ್ಲಿ ‘ಪಾಲಿಸಿ ರಿವ್ಯೂ’ ಪತ್ರಿಕೆಯಲ್ಲಿ ಅವರ ‘ಪವರ್ ಅಂಡ್ ವೀಕ್‌ನೆಸ್’ ಪ್ರಬಂಧ ಬಂತು. ಮರುವರ್ಷ ಅದೇ ಹಿಗ್ಗಿ ‘ಆಫ್ ಪ್ಯಾರಡೈಸ್ ಅಂಡ್ ಪವರ್’ ಎಂಬ ಪುಟ್ಟ ಪುಸ್ತಕವಾಯಿತು. ಇರಾಕ್ ಯುದ್ಧದ ಹೊಸ್ತಿಲಲ್ಲಿ ಅದಕ್ಕೆ ಸಿಕ್ಕ ಗೌರವ ಇಪ್ಪತ್ತು ವರ್ಷ ಕಳೆದರೂ ಇಳಿದಿಲ್ಲ. ಇಳಿಯಬೇಕು. ಎರಡು ಖಂಡಗಳ ಮನೋಭಾವದ ವ್ಯತ್ಯಾಸವನ್ನು ಅದು ವಿವರಿಸಿತು ಎಂಬ ನಂಬಿಕೆಗೆ ಆಧಾರವಿಲ್ಲ.

ಗ್ರಹಗಳ ಉಪಮೆಯೇ ಎರವಲು. ಜಾನ್ ಗ್ರೇ 1992ರಲ್ಲಿ ಗಂಡು–ಹೆಣ್ಣಿನ ಸಂಬಂಧದ ಬಗ್ಗೆ ಬರೆದ ಜನಪ್ರಿಯ ಪುಸ್ತಕದ ಹೆಸರು ಅದರ ಮೂಲ. ಕನ್ನಡದಲ್ಲಿ ಓದುವವರಿಗೆ ಅದರ ಕುಟುಕು ತಟ್ಟುವುದಿಲ್ಲ. ನಮ್ಮ ಶುಕ್ರ ಅಸುರರ ಗುರು, ಸಂಜೀವಿನಿ ಬಲ್ಲವನು, ರಾಜನೀತಿಯ ಆಚಾರ್ಯ. ಅವನ ಹೆಸರು ಹೇಳಿದರೆ ಯಾರಿಗೂ ಅವಮಾನವಾಗದು. ರೋಮನ್ನರಲ್ಲಿ ಮಾತ್ರ ಮಂಗಳ ಯುದ್ಧದ ದೇವರು, ಶುಕ್ರ ಪ್ರೇಮದ ದೇವತೆ. ಯುರೋಪು ಗಂಡಸುತನ ಕಳೆದುಕೊಂಡಿದೆ ಎಂಬ ತೀರ್ಪು ವಾದ ಶುರುವಾಗುವ ಮೊದಲೇ ಆ ಹೋಲಿಕೆಯಲ್ಲಿ ಕೂತಿದೆ.

ವಾದ ಎಲ್ಲರಿಗೂ ಗೊತ್ತಿರುವಂಥದ್ದು: ಅಮೆರಿಕ ಬಲಿಷ್ಠ, ಆದ್ದರಿಂದ ಅದು ಬಲಪ್ರಯೋಗವನ್ನು ನಂಬುತ್ತದೆ, ಯುರೋಪು ದುರ್ಬಲ, ಆದ್ದರಿಂದ ಅದು ಕಾನೂನು, ಮಾತುಕತೆ, ವಿಶ್ವಸಂಸ್ಥೆ ಎನ್ನುತ್ತದೆ. ಬಡವನ ಕೋಪ ದವಡೆಗೆ ಮೂಲ ಎಂಬ ನಮ್ಮ ಗಾದೆಯನ್ನು ಒಂದು ಇಡೀ ಖಂಡಕ್ಕೆ ಅನ್ವಯಿಸಿದ ಹಾಗೆ. ಇದರಲ್ಲಿ ಒಂದು ಒಳ್ಳೆಯ ಅಂಶವಿದೆ, ಅದನ್ನು ಒಪ್ಪಬೇಕು. ಕೇಗನ್ ವ್ಯತ್ಯಾಸವನ್ನು ಜನರ ಹುಟ್ಟುಗುಣಕ್ಕೆ ಕಟ್ಟಲಿಲ್ಲ. ಅಮೆರಿಕ ಎಳೆಯ, ದುರ್ಬಲ ದೇಶವಾಗಿದ್ದಾಗ ಅದೂ ಅಂತರರಾಷ್ಟ್ರೀಯ ಕಾನೂನಿನ ಮೊರೆ ಹೋಗುತ್ತಿತ್ತು ಎಂದು ನೆನಪಿಸಿದರು. ಅಷ್ಟು ಸರಿ.

ವಾದದ ಬೆನ್ನೆಲುಬು ಮಾತ್ರ ಒಂದು ದೃಷ್ಟಾಂತ. ಕಾಡಿನಲ್ಲಿ ಕರಡಿ ಓಡಾಡುತ್ತಿದೆ. ಕೈಯಲ್ಲಿ ಬರೀ ಚೂರಿ ಇರುವವನು ಅದನ್ನು ಸಹಿಸಿಕೊಂಡು ಇರುವುದೇ ಮೇಲು ಎಂದುಕೊಳ್ಳುತ್ತಾನೆ. ಚೂರಿ ಹಿಡಿದು ಬೇಟೆಗೆ ಹೋಗುವುದು ಸುಮ್ಮನೆ ಮಲಗಿರುವುದಕ್ಕಿಂತ ಅಪಾಯ. ಅದೇ ಮನುಷ್ಯನ ಕೈಗೆ ಕೋವಿ ಬಂದರೆ ಲೆಕ್ಕ ಬೇರೆ. ಹೊಡೆದುಹಾಕಬಹುದಾದ ಕರಡಿಗೆ ಅಂಜಿ ಬದುಕುವುದೇಕೆ? ಹೀಗೆ ಯುರೋಪು ಸದ್ದಾಂ ಹುಸೇನನನ್ನು ಸಹಿಸಿತು, ಅಮೆರಿಕ ಸಹಿಸಲಿಲ್ಲ.

ಓದಿದವರಿಗೆ ಇದು ಥಟ್ಟನೆ ಹಿಡಿಸುತ್ತದೆ. ಹಿಡಿಸುವುದಕ್ಕೆ ಕಾರಣವೇ ಅದರ ದೋಷ. ದೃಷ್ಟಾಂತದಲ್ಲಿ ಇರುವುದು ಒಬ್ಬನೇ ಮನುಷ್ಯ. ಅವನ ಆಯುಧ ಮಾತ್ರ ಬದಲಾಗುತ್ತದೆ. ಅವನ ಮನೆ ಕಾಡಿನ ಅಂಚಿನಲ್ಲಿದೆಯೋ ಏಳು ಊರಾಚೆ ಇದೆಯೋ, ಅವನ ಅಪ್ಪನನ್ನು ಕರಡಿ ಸಿಗಿದಿತ್ತೋ ಇಲ್ಲವೋ, ಜೊತೆಗಾರರು ಯಾರು, ಯಾವುದನ್ನೂ ಕತೆ ಕೇಳುವುದಿಲ್ಲ. ಆಯುಧವೊಂದೇ ಮನಸ್ಸನ್ನು ನಿರ್ಧರಿಸುತ್ತದೆ ಎಂಬುದನ್ನು ಸಾಧಿಸಿ ತೋರಿಸಬೇಕಿತ್ತು. ಮಿಕ್ಕ ಕಾರಣಗಳನ್ನೆಲ್ಲ ಮೊದಲೇ ಹೊರಗಿಟ್ಟ ಕತೆಯಲ್ಲಿ ಅದು ತಾನಾಗಿ ಸಾಧಿತವಾದಂತೆ ಕಾಣುತ್ತದೆ.

ಯುರೋಪು ಒಬ್ಬ ಮನುಷ್ಯನಲ್ಲ. 2003ರ ಜನವರಿ 30ರಂದು ಬ್ರಿಟನ್, ಸ್ಪೇನ್, ಇಟಲಿ, ಪೋರ್ಚುಗಲ್, ಡೆನ್ಮಾರ್ಕ್, ಪೋಲೆಂಡ್, ಹಂಗರಿ, ಜೆಕ್ ಗಣರಾಜ್ಯಗಳ ನಾಯಕರು ಅಮೆರಿಕದ ಪರ ನಿಂತು ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಪ್ರಕಟಿಸಿದರು. ಈ ಪಟ್ಟಿಯನ್ನು ದೃಷ್ಟಾಂತಕ್ಕೆ ಹಚ್ಚಿ ನೋಡಬೇಕು. ಅಣ್ವಸ್ತ್ರವಿರುವ, ಆಫ್ರಿಕಾದಲ್ಲಿ ಸೇನಾನೆಲೆಗಳಿದ್ದ ಫ್ರಾನ್ಸ್ ಯುದ್ಧ ಬೇಡವೆಂದಿತು. ಚಿಕ್ಕ ಚೂರಿಯ ಡೆನ್ಮಾರ್ಕ್, ಪೋಲೆಂಡ್ ಹೂಂ ಎಂದವು; ಪೋಲೆಂಡ್ ಮಾರ್ಚಿನಲ್ಲಿ ಇರಾಕಿನ ಮೇಲೆ ನಡೆದ ದಾಳಿಗೆ ಸುಮಾರು 200 ಸೈನಿಕರನ್ನೂ ಕಳಿಸಿತು. ಪೋಲೆಂಡಿನ ನಿಲುವಿಗೆ ಕಾರಣ ಅದರ ಶಸ್ತ್ರಾಗಾರದಲ್ಲಿ ಸಿಗುವುದಿಲ್ಲ. 1939ರಲ್ಲಿ ಎರಡು ಕಡೆಯಿಂದ ತುಳಿಸಿಕೊಂಡು, ಆಮೇಲೆ ನಾಲ್ಕು ದಶಕ ಮಾಸ್ಕೋದ ನೆರಳಿನಲ್ಲಿ ಬದುಕಿದ ದೇಶ ಅಮೆರಿಕದ ಸ್ನೇಹವನ್ನು ಯಾವ ಬೆಲೆಗಾದರೂ ಉಳಿಸಿಕೊಳ್ಳಲು ನೋಡಿತು. ಆ ನೆನಪಿಗೆ ಕರಡಿಯ ಕತೆಯಲ್ಲಿ ಜಾಗವಿಲ್ಲ.

ಟರ್ಕಿಯ ಉದಾಹರಣೆ ಇನ್ನೂ ಗಟ್ಟಿ. ನೇಟೋದಲ್ಲಿ ಅಮೆರಿಕ ಬಿಟ್ಟರೆ ಅತಿ ದೊಡ್ಡ ಸೇನೆ ಅದರದು. ಇರಾಕಿನೊಂದಿಗೆ ಗಡಿ ಹಂಚಿಕೊಂಡ ದೇಶವೂ ಅದೇ. 2003ರ ಮಾರ್ಚ್ 1ರಂದು ಅಮೆರಿಕದ ಸೈನ್ಯಕ್ಕೆ ತನ್ನ ನೆಲದಿಂದ ದಾರಿ ಬಿಡುವ ಪ್ರಸ್ತಾವಕ್ಕೆ ಟರ್ಕಿಯ ಸಂಸತ್ತಿನಲ್ಲಿ 264 ಪರ, 250 ವಿರೋಧ ಮತ ಬಂದವು. ತಟಸ್ಥ ಮತಗಳಿಂದಾಗಿ ಬೇಕಾದ ಬಹುಮತ ಸಿಗದೆ ಅದು ಬಿದ್ದುಹೋಯಿತು. ಕೋವಿ ಕೈಯಲ್ಲಿತ್ತು, ಕರಡಿ ಪಕ್ಕದ ಹೊಲದಲ್ಲಿತ್ತು, ಆದರೂ ಬೇಟೆ ಬೇಡವಾಯಿತು.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ದೃಷ್ಟಾಂತ ಎತ್ತುವುದೇ ಇಲ್ಲ: ಕಾಡಿನಲ್ಲಿ ಕರಡಿ ಇತ್ತೇ? ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಇರಲಿಲ್ಲ. ಅಮೆರಿಕವೇ ನೇಮಿಸಿದ ಇರಾಕ್ ಸರ್ವೇ ಗ್ರೂಪ್ 2004ರಲ್ಲಿ ಆ ತೀರ್ಮಾನಕ್ಕೆ ಬಂತು. ಹಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಪಾಸಣೆಗಾರರಿಗೆ ಇನ್ನಷ್ಟು ತಿಂಗಳು ಕೊಡಿ ಎಂದು ಪ್ಯಾರಿಸ್, ಬರ್ಲಿನ್ ಕೇಳಿದ್ದು ಕೈಲಾಗದವರ ನೆಪವಾಗಿರಲಿಲ್ಲ. ಸಾಕ್ಷ್ಯ ಸಾಲದು ಎಂಬ ಸರಿಯಾದ ಮಾತಾಗಿತ್ತು. ಎದುರಾಳಿಯ ತೀರ್ಮಾನವನ್ನು ಅವನ ದೌರ್ಬಲ್ಯದಿಂದ ವಿವರಿಸಿಬಿಟ್ಟರೆ, ಅದು ಸರಿಯೇ ತಪ್ಪೇ ಎಂದು ನೋಡುವ ಹೊಣೆ ತಪ್ಪುತ್ತದೆ. ಕೇಗನ್ ಮಾಡಿದ್ದು ಇದನ್ನೇ. ಆ ತಪ್ಪಿನ ಬೆಲೆಯನ್ನು ಇರಾಕಿನ ಜನ ತೆತ್ತರು. ಆದ್ದರಿಂದ ಪುಸ್ತಕದ ಕೀರ್ತಿಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಕೇಗನ್ನರ ವಿರೋಧಿಗಳು ಈ ದೋಷವನ್ನು ಹಿಡಿಯಬೇಕಿತ್ತು. ಬಹುಪಾಲು ಹಿಡಿಯಲಿಲ್ಲ. 2003ರ ಮೇ 31ರಂದು ಯೂರ್ಗನ್ ಹಾಬರ್ಮಾಸ್ ಮತ್ತು ಜಾಕ್ ದೆರಿದಾ ಜರ್ಮನಿ, ಫ್ರಾನ್ಸಿನ ಪತ್ರಿಕೆಗಳಲ್ಲಿ ಜಂಟಿ ಸಹಿಯ ಲೇಖನ ಪ್ರಕಟಿಸಿ, ಫೆಬ್ರುವರಿ 15ರ ಯುದ್ಧವಿರೋಧಿ ಮೆರವಣಿಗೆಗಳಲ್ಲಿ ಯುರೋಪಿನ ಸಾಮೂಹಿಕ ಮನಸ್ಸಿನ ಉದಯ ಕಂಡರು. 2004ರಲ್ಲಿ ಜೆರೆಮಿ ರಿಫ್ಕಿನ್ ‘ದಿ ಯುರೋಪಿಯನ್ ಡ್ರೀಮ್’ ಬರೆದು ಅಮೆರಿಕದ ಕನಸಿಗಿಂತ ಯುರೋಪಿನ ಕನಸು ಮೇಲೆಂದರು. ಮಾರ್ಕ್ ಲೆನರ್ಡ್ 2005ರ ಪುಸ್ತಕದಲ್ಲಿ ಇಪ್ಪತ್ತೊಂದನೆಯ ಶತಮಾನವನ್ನೇ ಯುರೋಪಿಗೆ ಬರೆದುಕೊಟ್ಟರು. ಮೂರೂ ಕಡೆ ಆದದ್ದು ಒಂದೇ. ಕೇಗನ್ ಹಾಕಿದ ಗೆರೆಯನ್ನು ಒಪ್ಪಿ, ಯಾವ ಬದಿಗೆ ಹೆಚ್ಚು ಅಂಕ ಎಂಬುದನ್ನಷ್ಟೇ ತಿರುಗಿಸಲಾಯಿತು.

ಗೆರೆಯೇ ತಪ್ಪು ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇತ್ತು. ಫೆಬ್ರುವರಿ 15ರಂದು ರೋಮ್, ಲಂಡನ್, ಬಾರ್ಸಿಲೋನಾಗಳಲ್ಲಿ ಜನಸಾಗರ ಹರಿದ ದಿನವೇ ನ್ಯೂಯಾರ್ಕಿನ ಬೀದಿಗಳೂ ತುಂಬಿದ್ದವು. 2002ರ ಅಕ್ಟೋಬರಿನಲ್ಲಿ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯಕ್ಕೆ ಅಮೆರಿಕದ ಕೆಳಮನೆಯಲ್ಲಿ 133 ಮಂದಿ, ಸೆನೆಟ್ಟಿನಲ್ಲಿ 23 ಮಂದಿ ಬೇಡವೆಂದು ಮತ ಹಾಕಿದ್ದರು. ಇತ್ತ ಮೆರವಣಿಗೆ ಹೊರಟ ಲಂಡನ್ನಿನ ಸರ್ಕಾರ ಯುದ್ಧಕ್ಕೆ ಹೋಯಿತು. ಹಾಬರ್ಮಾಸರಂಥ ಎಚ್ಚರದ ಚಿಂತಕರು ಸರ್ಕಾರಕ್ಕೂ ಜನಕ್ಕೂ ಖಂಡಕ್ಕೂ ಇರುವ ಅಂತರವನ್ನು ಇಷ್ಟು ಸುಲಭವಾಗಿ ದಾಟಿಬಿಟ್ಟದ್ದು ನಿರಾಸೆಯ ವಿಷಯ.

ಇದೇ ಗದ್ದಲದಲ್ಲಿ ಇನ್ನೊಂದು ಪುಸ್ತಕ ಮೂಲೆಗುಂಪಾಯಿತು. ಅಲ್ಬೆರ್ತೊ ಅಲೆಸಿನಾ ಮತ್ತು ಎಡ್ವರ್ಡ್ ಗ್ಲೇಸರ್ 2004ರಲ್ಲಿ ಎರಡೂ ಕಡೆಯ ಬಡತನ ನಿವಾರಣೆಯ ಬಗ್ಗೆ ಬರೆದದ್ದು ಅದು. ಬಡವರು ಬಡತನದಲ್ಲಿ ಸಿಕ್ಕಿಬಿದ್ದವರು ಎಂದು ಯುರೋಪಿನಲ್ಲಿ ಸುಮಾರು 60 ಶೇಕಡಾ ಜನ ನಂಬಿದರೆ ಅಮೆರಿಕದಲ್ಲಿ ನಂಬುವವರು ಸುಮಾರು 30 ಶೇಕಡಾ. ಇಂಥ ಅಂತರಕ್ಕೆ ಅವರು ಗ್ರಹ ಹುಡುಕಲಿಲ್ಲ. ಕಲ್ಯಾಣ ವೆಚ್ಚದಲ್ಲಿನ ವ್ಯತ್ಯಾಸಕ್ಕೆ ಸುಮಾರು ಅರ್ಧ ಕಾರಣ ಅಮೆರಿಕದ ಜನಾಂಗೀಯ ಬಿರುಕು, ಉಳಿದರ್ಧ ರಾಜಕೀಯ ಸಂಸ್ಥೆಗಳು ಎಂದು ಲೆಕ್ಕ ಹಾಕಿದರು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲಿನವರು ದುಡಿಯುತ್ತಿದ್ದದ್ದು ಅಲ್ಲೇ. ಯುರೋಪಿನ ಅನೇಕ ದೇಶಗಳಿಗೆ ಮೊದಲ ಮಹಾಯುದ್ಧದ ಸುತ್ತಮುತ್ತ ಪ್ರಮಾಣಾನುಗುಣ ಪ್ರಾತಿನಿಧ್ಯ ಬಂದು ಕಾರ್ಮಿಕ ಪಕ್ಷಗಳಿಗೆ ಬಲ ಸಿಕ್ಕಿತು. ಅಮೆರಿಕದಲ್ಲಿ 1787ರ ಸಂವಿಧಾನದ ಚೌಕಟ್ಟೇ ಉಳಿಯಿತು. ಗದ್ಯ ಒಣ, ಕೋಷ್ಟಕಗಳು ಹೆಚ್ಚು. ಆದರೆ ಪ್ರತಿ ಹೇಳಿಕೆಯನ್ನೂ ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಕೇಗನ್ನರ ಹೇಳಿಕೆಗೆ ಪರೀಕ್ಷೆ ತಡವಾಗಿ ಬಂತು. 2025ರ ಫೆಬ್ರುವರಿ 24ರಂದು, ಉಕ್ರೇನಿನ ಮೇಲೆ ರಷ್ಯಾದ ಪೂರ್ಣಪ್ರಮಾಣದ ದಾಳಿ ನಡೆದು ಮೂರು ವರ್ಷ ತುಂಬಿದ ದಿನ, ಉಕ್ರೇನ್ ಮತ್ತು ಯುರೋಪಿನ ದೇಶಗಳು ತಂದ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 93 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದ 18 ಮತಗಳಲ್ಲಿ ರಷ್ಯಾದ ಜೊತೆ ಅಮೆರಿಕದ್ದೂ ಇತ್ತು, ಹಂಗರಿಯದೂ ಇತ್ತು. ತಟಸ್ಥವಾಗಿ ಉಳಿದ 65 ದೇಶಗಳಲ್ಲಿ ಭಾರತ ಒಂದು. ಕೋವಿ ಇನ್ನೂ ಅಮೆರಿಕದ ಕೈಯಲ್ಲೇ ಇದೆ, ಚೂರಿ ಯುರೋಪಿನ ಕೈಯಲ್ಲಿ. ಆದರೆ ಈ ಸಲ ಕರಡಿ ಎಂದು ಕೂಗಿದವನು ಚೂರಿಯವನು. ಇದು ಒಬ್ಬ ಅಧ್ಯಕ್ಷರ ವಿಚಿತ್ರ ನಡೆ ಎನ್ನುವವರಿದ್ದಾರೆ. ಆದರೆ ಒಂದು ಚುನಾವಣೆಯಿಂದ ತಿರುಗುಮುರುಗಾಗುವ ಮನೋಭಾವ ಶಕ್ತಿಯ ಅಸಮತೋಲದಿಂದ ಹುಟ್ಟಿದ್ದು ಎಂದು ಹೇಳಲು ಬರುವುದಿಲ್ಲ.

2025ರ ಜೂನಿನ ಹೇಗ್ ಶೃಂಗಸಭೆಯಲ್ಲಿ ನೇಟೋ ದೇಶಗಳು 2035ರೊಳಗೆ ರಕ್ಷಣೆಗೂ ಅದಕ್ಕೆ ಸಂಬಂಧಿಸಿದ ಭದ್ರತಾ ವೆಚ್ಚಕ್ಕೂ ಸೇರಿಸಿ ಒಟ್ಟು ಆಂತರಿಕ ಉತ್ಪನ್ನದ 5 ಶೇಕಡಾ ತೆಗೆದಿಡುವ ಗುರಿ ಇಟ್ಟುಕೊಂಡವು. ಕೋವಿ ಬಂದ ಮೇಲೆ ಕರಡಿಯನ್ನು ಸಹಿಸಲಾಗದು ಎಂಬುದು ಕೇಗನ್ನರ ವಾದವಾಗಿತ್ತು. ಇಲ್ಲಿ ಕರಡಿ ಕಂಡ ಮೇಲೆ ಕೋವಿಗೆ ದುಡ್ಡು ಹೊಂದಿಸಲಾಗುತ್ತಿದೆ. 2023ರ ಏಪ್ರಿಲ್ 4ರಂದು ನೇಟೋ ಸೇರಿದ ಫಿನ್ಲೆಂಡಿಗೆ ಇಷ್ಟೂ ತಡವಾಗಿರಲಿಲ್ಲ. ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿ ಇರುವ ಆ ದೇಶ, ಯುರೋಪಿನ ಉಳಿದ ಅನೇಕರು ಕಡ್ಡಾಯ ಸೈನಿಕ ಸೇವೆ ಕೈಬಿಟ್ಟ ವರ್ಷಗಳಲ್ಲೂ ತನ್ನದನ್ನು ನಡೆಸಿಕೊಂಡು ಬಂದಿತ್ತು.