ಕುರುಡುಮಲೆಯ ಸ್ಥಳಮಾಹಾತ್ಮ್ಯವೂ ಗ್ರಾಮಚರಿತ್ರೆಯೂ

ಮುಳಬಾಗಿಲಿಗೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕುರುಡುಮಲೆಯು ಮಹಾಗಣಪತಿಯ ಸನ್ನಿಧಿಯಿಂದ ಪ್ರಸಿದ್ಧವಾದ ಗ್ರಾಮವು. ಏಕಶಿಲೆಯಲ್ಲಿ ಕಡೆದ ಆ ಮೂರ್ತಿಯು 13 ಅಡಿಗಿಂತ ಎತ್ತರವಾಗಿರುವುದು. ತ್ರಿಪುರಸಂಹಾರಕ್ಕೆ ಹೊರಟ ತ್ರಿಮೂರ್ತಿಗಳು ಇಲ್ಲಿ ಕೂಡಿ ಇದನ್ನು ಪ್ರತಿಷ್ಠಿಸಿದರೆಂದೂ, ತ್ರೇತಾಯುಗದಲ್ಲಿ ಶ್ರೀರಾಮನು ಲಂಕೆಗೆ ತೆರಳುವ ಮೊದಲು ಇಲ್ಲಿ ಪೂಜೆ ಸಲ್ಲಿಸಿದನೆಂದೂ, ದ್ವಾಪರದಲ್ಲಿ ಕೃಷ್ಣನೂ ಪಾಂಡವರೂ ಬಂದು ಹೋದರೆಂದೂ ಸ್ಥಳಪುರಾಣವು ಹೇಳುತ್ತದೆ. ಭಕ್ತರು ಇದನ್ನು ನಂಬುವುದರಲ್ಲಿ ದೋಷವಿಲ್ಲ. ಇದನ್ನೇ ಊರಿನ ಚರಿತ್ರೆಯೆಂದು ಬರೆದು, ಅಲ್ಲಿಗೆ ಚರಿತ್ರೆಯನ್ನು ಮುಗಿಸಿಬಿಡುವ ಲೇಖಕರಲ್ಲಿ ದೋಷವಿದೆ.

ತ್ರಿಪುರದ ಕಥೆಯು ಒಂದೂರಿನ ಸ್ವತ್ತಲ್ಲ. ಗಣಪತಿಯನ್ನು ಅರ್ಚಿಸದೆ ಹೊರಟ ಶಿವನ ರಥದ ಅಚ್ಚು ಮುರಿದುದು ತಮ್ಮಲ್ಲಿಯೇ ಎಂದು ತಮಿಳುನಾಡಿನ ಅಚ್ಚಿರುಪಾಕ್ಕಂ ಕ್ಷೇತ್ರದವರು ಹೇಳುತ್ತಾರೆ. ಶಿವನು ಗಣಪತಿಯನ್ನು ಪೂಜಿಸಿ ತ್ರಿಪುರನನ್ನು ಗೆದ್ದುದು ತಮ್ಮಲ್ಲಿ ಎಂದು ಮಹಾರಾಷ್ಟ್ರದ ರಾಂಜಣಗಾಂವಿನವರು ಹೇಳುತ್ತಾರೆ. ಇವರಲ್ಲಿ ಯಾರು ಸತ್ಯವಾದಿಗಳೆಂದು ಕೇಳುವುದು ವ್ಯರ್ಥವು. ಅರ್ಥವಾದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ, ವಿಧಿಯ ಸ್ತುತಿಯಲ್ಲಿಯೇ ತಾತ್ಪರ್ಯವೆಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಮಾಹಾತ್ಮ್ಯಗಳಿಗೂ ಈ ನ್ಯಾಯವೇ ಒಪ್ಪುವುದು. ಕಾರ್ಯಾರಂಭದಲ್ಲಿ ವಿಘ್ನೇಶ್ವರನನ್ನು ಪೂಜಿಸತಕ್ಕದ್ದೆಂಬ ವಿಧಿಯನ್ನು ಕುರುಡುಮಲೆಯ ಕಥೆಯು ಬಹು ಚೆನ್ನಾಗಿ ಸ್ತುತಿಸುತ್ತದೆ. ದೇವರಿಗೂ ತಪ್ಪದ ನಿಯಮವು ಮನುಷ್ಯನಿಗೆ ತಪ್ಪೀತೆ ಎಂಬುದೇ ಅದರ ಚಮತ್ಕಾರ. ಕಾಲನಿರ್ಣಯವನ್ನು ಅದರಿಂದ ಬಯಸುವವನು ಅದಕ್ಕೇ ಅನ್ಯಾಯ ಮಾಡುತ್ತಾನೆ.

ಹೆಸರಿನ ವಿಷಯವು ಇನ್ನಷ್ಟು ವಿಚಾರಾರ್ಹವಾಗಿದೆ. ದೇವತೆಗಳು ಕೂಡಿದುದರಿಂದ ‘ಕೂಡುಮಲೆ’ಯಾಗಿ, ಅದೇ ಕಾಲಕ್ರಮದಲ್ಲಿ ‘ಕುರುಡುಮಲೆ’ಯಾಯಿತೆಂಬುದು ಜನಜನಿತವಾದ ವ್ಯುತ್ಪತ್ತಿ. ಕನ್ನಡದಲ್ಲಿ ರೇಫವು ಲೋಪವಾದುದಕ್ಕೆ ನಿದರ್ಶನಗಳು ಹೇರಳವಾಗಿವೆ: ಎರ್ದೆಯು ಎದೆಯಾಯಿತು, ಕರ್ಚು ಎಂಬುದು ಕಚ್ಚು ಎಂದಾಯಿತು, ಆಡುಮಾತಿನಲ್ಲಿ ಕುರುಡನು ಕುಡ್ಡನಾಗುತ್ತಾನೆ. ಇಲ್ಲದ ರೇಫವು ನಡುವೆ ಬಂದು ಸೇರಿ, ಜೊತೆಗೆ ದೀರ್ಘವು ಹ್ರಸ್ವವಾಯಿತೆಂಬುದು ಈ ಕ್ರಮಕ್ಕೆ ವಿರುದ್ಧವಾದುದು. ಆದುದರಿಂದ ಕುರುಡುಮಲೆಯಿಂದ ಕೂಡುಮಲೆಯು ಹುಟ್ಟಿತೆಂಬುದು ಉಪಪನ್ನವಾದೀತು, ವಿಪರೀತವು ಉಪಪನ್ನವಾಗಲಾರದು. ‘ಕುರುಡು’ ಎಂಬ ಅಮಂಗಳದ ಮಾತು ದೇವಸ್ಥಾನವಿರುವ ಊರಿಗೆ ತಕ್ಕುದಲ್ಲವೆಂಬ ಸಂಕೋಚವೇ ಈ ವ್ಯುತ್ಪತ್ತಿಗೆ ಬೀಜವಾಗಿರುವಂತೆ ತೋರುವುದು.

ನೆರೆಯ ಮುಳಬಾಗಿಲಿನಲ್ಲಿಯೂ ಇದೇ ಬಗೆಯ ಗೊಂದಲವಿದೆ. ‘ಮೂಡಲಬಾಗಿಲು’ ಎಂಬುದೇ ಅದರ ಮೂಲವೆಂದು ಎಲ್ಲರೂ ಹೇಳುತ್ತಾರೆ. ಆದರೆ ಬುಕ್ಕರಾಯನ ಮಗನಾದ ಕುಮಾರ ಕಂಪಣನ ಪತ್ನಿ ಗಂಗಾದೇವಿಯು ತನ್ನ ‘ಮಧುರಾವಿಜಯ’ ಕಾವ್ಯದಲ್ಲಿ ಈ ಪಟ್ಟಣವನ್ನು ‘ಕಂಟಕಾನನ’ವೆಂದು ಕರೆದಿದ್ದಾಳೆ. ಕಂಟಕವೆಂದರೆ ಮುಳ್ಳು, ಆನನವೆಂದರೆ ಬಾಯಿ. ಎಂದರೆ ‘ಮುಳುವಾಯಿ’ ಎಂಬ ದೇಶ್ಯನಾಮವನ್ನು ಕವಯಿತ್ರಿಯು ಪದಕ್ಕೆ ಪದವಿಟ್ಟು ಸಂಸ್ಕೃತಕ್ಕೆ ತಿರುಗಿಸಿದ್ದಾಳೆ. 14ನೆಯ ಶತಮಾನದಲ್ಲಿ ಅಲ್ಲಿಯ ಅರಮನೆಯವರ ಕಿವಿಗೆ ಕೇಳಿದುದು ಮುಳ್ಳೇ ಹೊರತು ಮೂಡಲಲ್ಲ. 1916ರಲ್ಲಿ ತಿರುವನಂತಪುರದಲ್ಲಿ ಮುದ್ರಿತವಾದ ಈ ಕಾವ್ಯವನ್ನು ಸ್ಥಳನಾಮ ವಿಚಾರಕರು ಇಷ್ಟು ವಿರಳವಾಗಿ ನೋಡುವುದು ಆಶ್ಚರ್ಯ.

ಸೋಮೇಶ್ವರ ದೇವಾಲಯದ ಕಥೆಗೆ ಬರೋಣ. ಅದರ ಒಂದು ಭಾಗವನ್ನು ಜಕಣಾಚಾರಿಯೂ, ಇನ್ನೂ ಸೂಕ್ಷ್ಮವಾದ ಕೆಲಸವುಳ್ಳ ಮತ್ತೊಂದು ಭಾಗವನ್ನು ಅವನ ಮಗ ಡಂಕಣಾಚಾರಿಯೂ ಕಟ್ಟಿದರೆಂಬುದು ಐತಿಹ್ಯ. ಇದೇ ತಂದೆಮಕ್ಕಳು ಬೇಲೂರಿನಲ್ಲಿ ಕಪ್ಪೆಚೆನ್ನಿಗರಾಯನ ಕಥೆಗೆ ನಾಯಕರು. ಕೈದಾಳದಲ್ಲಿ ಕಳೆದ ಕೈಯನ್ನು ಮರಳಿ ಪಡೆದ ಕಥೆಗೂ ನಾಯಕರು. ನಾಡಿನಲ್ಲಿ ಚೆಲುವಾದ ಕಲ್ಲು ಎಲ್ಲಿ ಕಂಡರೂ ಜನರು ಅದನ್ನು ಇವರ ಲೆಕ್ಕಕ್ಕೆ ಬರೆಯುತ್ತಾರೆ. ಬೇಲೂರಿನ ಕಲ್ಲುಗಳಾದರೋ ಬೇರೆ ತಂದೆಮಕ್ಕಳ ಹೆಸರನ್ನು ಹೇಳುತ್ತವೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆತ್ತಿದವರೇ ಬರೆದಿಟ್ಟ ಹೆಸರುಗಳು ಮರೆಯಾಗಿ, ಯಾರೂ ಬರೆಯದ ಹೆಸರು ಉಳಿದುದು ವಿಷಾದಕರವು. ಆದರೂ ಕುರುಡುಮಲೆಯ ಐತಿಹ್ಯದಲ್ಲಿ ಒಂದು ಸಾರವಿದೆ. ಒಂದೇ ಗುಡಿಯಲ್ಲಿ ಕೆಲಸದ ಎರಡು ಬಗೆಗಳನ್ನು ಹಳ್ಳಿಯ ಕಣ್ಣು ಗುರುತಿಸಿತು. ಗುರುತಿಸಿ, ಎರಡು ತಲೆಮಾರೆಂದು ವಿವರಿಸಿತು. ಹೆಸರನ್ನು ಬಿಟ್ಟು ಈ ನೋಟವನ್ನು ಮಾತ್ರ ಉಳಿಸಿಕೊಂಡರೆ ಶಿಲ್ಪಶಾಸ್ತ್ರಜ್ಞನಿಗೂ ಅದು ಆರಂಭವಾದೀತು.

ಮಾಹಾತ್ಮ್ಯದ ಮರೆಯಲ್ಲಿ ಎಂಥ ಚರಿತ್ರೆಯು ಅಡಗಬಲ್ಲುದೆಂಬುದಕ್ಕೆ ಅದೇ ತಾಲ್ಲೂಕಿನ ಆವನಿಯೇ ಸಾಕ್ಷಿ. ಅಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಸೀತೆಯು ಕುಶಲವರನ್ನು ಹೆತ್ತಳೆಂದೂ ಪ್ರತೀತಿ. ಶಾಸನವು ಹೇಳುವುದು ತ್ರಿಭುವನಕರ್ತನೆಂಬ ತಪಸ್ವಿಯನ್ನು: ಅವನು 40 ವರ್ಷ ಆ ಸ್ಥಾನವನ್ನು ಆಳಿ, 50 ದೇವಾಲಯಗಳನ್ನೂ 2 ದೊಡ್ಡ ಕೆರೆಗಳನ್ನೂ ಮಾಡಿಸಿ, 961ರಲ್ಲಿ ಕಾಲವಾದನು. ಸೀತೆಯ ಹೆಸರನ್ನು ಬಲ್ಲ ಯಾತ್ರಿಕರಲ್ಲಿ ಕೆರೆ ಕಟ್ಟಿಸಿದವನ ಹೆಸರನ್ನು ಬಲ್ಲವರೆಷ್ಟು ಮಂದಿ? ರೈಸ್ ಸಾಹೇಬರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಿದರು. ಅದರಲ್ಲಿ ತಮಿಳು ಶಾಸನಗಳು ಬಹಳವಾಗಿವೆ. ಚೋಳರ ಆಳ್ವಿಕೆಯಲ್ಲಿಯೂ, ಆಮೇಲೆ 1254ರ ವಿಭಾಗದಲ್ಲಿ ಹೊಯ್ಸಳ ರಾಮನಾಥನ ಪಾಲಿಗೆ ಬಂದ ಕಾಲದಲ್ಲಿಯೂ ಈ ಸೀಮೆಯಲ್ಲಿ ಆ ಭಾಷೆಯು ರಾಜಶಾಸನಕ್ಕೆ ಬಳಕೆಯಾಯಿತು. ಕನ್ನಡವನ್ನು ಮಾತ್ರ ಓದಬಲ್ಲವನಿಂದ ಕುರುಡುಮಲೆಯ ಚರಿತ್ರೆಯು ಪೂರ್ತಿಯಾಗಲಾರದು. ವಿಜಯನಗರದ ಕಾಲಕ್ಕೆ ಮುಳುವಾಯಿ ರಾಜ್ಯವು ದಕ್ಷಿಣದ ದಂಡಯಾತ್ರೆಗಳಿಗೆ ನೆಲೆಯಾಯಿತು. ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದ ಲಕ್ಕಣ್ಣ ದಂಡೇಶನೂ ಇಲ್ಲಿ ಅಧಿಕಾರ ನಡೆಸಿದನು.

ಇಷ್ಟೆಲ್ಲ ಸೇರಿದರೂ ಅದು ದೊರೆಗಳ ಮತ್ತು ದಾನಿಗಳ ಚರಿತ್ರೆಯೇ. ಇಂಗ್ಲೆಂಡಿನಲ್ಲಿ 1538ರ ಆಜ್ಞೆಯಂತೆ ಪ್ರತಿಯೊಂದು ಇಗರ್ಜಿಯ ಪಾದ್ರಿಯೂ ತನ್ನ ಸೀಮೆಯವರ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆಯಬೇಕಾಯಿತು. ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯು ಸೆಲ್ಬೋರ್ನ್ ಎಂಬ ತನ್ನ ಹಳ್ಳಿಯನ್ನು ಕುರಿತು 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಲ್ಲಿಯ ಹಕ್ಕಿಗಳ ವರ್ಣನೆಯ ಜೊತೆಗೆ, 1783ರಲ್ಲಿ ಆ ಊರಿನಲ್ಲಿ 676 ಜನರಿದ್ದರೆಂಬ ಲೆಕ್ಕವೂ ಇದೆ. ಕೂಲಿಯವನೂ ಅಲ್ಲಿ ಎಣಿಕೆಗೆ ಬಂದನು. ನಮ್ಮ ಶಾಸನದಲ್ಲಿ ದೇವರ ನಂದಾದೀಪಕ್ಕೆ ಗದ್ದೆ ಬಿಟ್ಟವನ ಹೆಸರಿದೆ. ಆ ಗದ್ದೆಯನ್ನು ಉತ್ತವನ ಹೆಸರಿಲ್ಲ.

ಅಂಥ ಹೆಸರು ದೊರೆಯಬಹುದಾದ ಎಡೆ ಶಾನುಭೋಗರ ಕಡತಗಳು. ಹುಣಿಸೆಬೀಜದ ಸರಿಯನ್ನೂ ಇದ್ದಲನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಲೆಕ್ಕಗಳಲ್ಲಿ ಕಂದಾಯ, ಇನಾಮು, ತೋಟಿ ತಳವಾರ ನೀರುಗಂಟಿಗಳ ಆಯ, ಇವೆಲ್ಲವೂ ಕಾಣುತ್ತಿದ್ದವು. ದೇವಾದಾಯ ಇನಾಮುಗಳು 1955ರ ಕಾಯಿದೆಯಿಂದಲೂ, ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದಲೂ ರದ್ದಾದವು. ಆ ಹಕ್ಕುಗಳು ಹೋದುದು ನ್ಯಾಯವೇ. ಅವುಗಳೊಡನೆ ಲೆಕ್ಕದ ಪುಸ್ತಕಗಳೂ ನಿಷ್ಪ್ರಯೋಜಕವೆಂದು ಭಾವಿಸಲ್ಪಟ್ಟುದು ಮಾತ್ರ ಅನ್ಯಾಯ. ಕುರುಡುಮಲೆಯನ್ನು ಕುರಿತು ಮುಂದೆ ಬರೆಯುವವರು ತ್ರಿಪುರವನ್ನು ಒಂದು ವಾಕ್ಯದಲ್ಲಿ ಮುಗಿಸಿ, ಸುತ್ತಣ ಗ್ರಾಮಗಳ ಹಳೆಯ ಶಾನುಭೋಗ ಮನೆತನಗಳ ಅಟ್ಟಗಳನ್ನು ಮೊದಲು ಹುಡುಕತಕ್ಕದ್ದು; ಬಳಪದ ಬರಹವು ಒದ್ದೆಯ ಬಟ್ಟೆ ತಗಲಿದರೆ ಅಳಿಸಿಹೋಗುವುದು.