ತನ್ನನ್ನೇ ಹೊರಗಿಟ್ಟ ಕೋಚ್

ಆಟಗಾರನಾಗಿದ್ದು ಆಮೇಲೆ ಕೋಚ್ ಆದವರ ಮಾತು ಬಂದರೆ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆಯುವವರು ನೇರವಾಗಿ ಫಿಲ್ ಜಾಕ್ಸನ್ ಬಳಿ ಹೋಗಿ ನಿಲ್ಲುತ್ತಾರೆ. ಕೋಚ್ ಆಗಿ ಹನ್ನೊಂದು ಎನ್‌ಬಿಎ ಪ್ರಶಸ್ತಿ, ಝೆನ್ ಧ್ಯಾನ, ಆಟಗಾರರ ಕೈಗೆ ಕೊಟ್ಟ ಪುಸ್ತಕಗಳು ಎಂದು ಅವರ ಸುತ್ತ ಒಂದು ಪುರಾಣವೇ ಬೆಳೆದಿದೆ. ಬಿಲ್ ರಸೆಲ್ ಪಾಲಿಗೆ ಬಂದದ್ದು ಒಂದು ಸಾಲು: ಎನ್‌ಬಿಎಯ ಮೊದಲ ಕಪ್ಪು ಮುಖ್ಯ ಕೋಚ್. ಆ ಸಾಲು ದೊಡ್ಡದೇ. ಆದರೆ ಅದನ್ನು ಬರೆದವರು ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ತಂಡವನ್ನು ಹೇಗೆ ನಡೆಸಿದರು ಎಂದು ಕೇಳುವುದೇ ಇಲ್ಲ. 1968 ಮತ್ತು 1969ರ ಪ್ರಶಸ್ತಿಗಳನ್ನು ಹಿಂದಿನ ಕೋಚ್ ರೆಡ್ ಔರ್‌ಬ್ಯಾಕ್ ಖಾತೆಗೆ ಬರೆದು ಕೈತೊಳೆದುಕೊಳ್ಳುತ್ತಾರೆ.

1966ರಲ್ಲಿ ಔರ್‌ಬ್ಯಾಕ್ ಕೋಚ್ ಹುದ್ದೆ ಬಿಟ್ಟಾಗ, ಬೇರೆ ಯಾರ ಕೈಕೆಳಗೂ ಆಡಲು ಮನಸ್ಸಿಲ್ಲದ ರಸೆಲ್ ಆ ಜವಾಬ್ದಾರಿಯನ್ನು ತಾವೇ ಹೊತ್ತರು, ಆಡುತ್ತಲೇ. ಅದು ಆಟಗಾರನ ಅಭಿಮಾನದಿಂದ ಹುಟ್ಟಿದ ನಿರ್ಧಾರ. ಅಂಥ ಅಭಿಮಾನಿ ಕೋಚ್ ಆದಾಗ ತನ್ನನ್ನು ತಾನು ಹೇಗೆ ಕಂಡ ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಏಳು ಸೆಕೆಂಡುಗಳ ಪುರಾವೆ ಸಾಕು.

1969ರ ಏಪ್ರಿಲ್ 29, ಬಾಸ್ಟನ್ ಗಾರ್ಡನ್, ಫೈನಲ್ಸ್‌ನ ನಾಲ್ಕನೇ ಪಂದ್ಯ. ಸರಣಿಯಲ್ಲಿ ಲೇಕರ್ಸ್ 2–1ರಿಂದ ಮುಂದಿದೆ, ಈ ಪಂದ್ಯದಲ್ಲಿ 88–87ರಿಂದ. ಉಳಿದಿರುವುದು ಏಳು ಸೆಕೆಂಡು. ಸೆಲ್ಟಿಕ್ಸ್ ಟೈಮ್‌ಔಟ್ ತೆಗೆದುಕೊಂಡಿದೆ. ಟೈಮ್‌ಔಟ್ ಮುಗಿದು ಅಂಕಣಕ್ಕಿಳಿದವರು ಎಮೆಟ್ ಬ್ರಯಂಟ್, ಜಾನ್ ಹ್ಯಾವ್ಲಿಚೆಕ್, ಡಾನ್ ನೆಲ್ಸನ್, ಬೇಲಿ ಹೋವೆಲ್, ಸ್ಯಾಮ್ ಜೋನ್ಸ್. ರಸೆಲ್ ಇಲ್ಲ. ಆ ವರ್ಷ 48 ನಿಮಿಷದ ಪಂದ್ಯಗಳಲ್ಲಿ ಸರಾಸರಿ 42 ನಿಮಿಷಕ್ಕೂ ಹೆಚ್ಚು ಆಡಿದ, ಹತ್ತು ಪ್ರಶಸ್ತಿ ಗೆದ್ದಿದ್ದ ಆಟಗಾರ ರಸೆಲ್‌ರನ್ನು ಕೋಚ್ ರಸೆಲ್ ಹೊರಗೆ ನಿಲ್ಲಿಸಿದ್ದರು.

ಈ ಆಯ್ಕೆಯ ಬೆಲೆ ಎಷ್ಟಿತ್ತು ಎಂದು ನೋಡಬೇಕು. ಹೊಡೆತ ತಪ್ಪಿದರೆ ರೀಬೌಂಡ್‌ಗಾಗಿ ಲೇಕರ್ಸ್‌ನ ವಿಲ್ಟ್ ಚೇಂಬರ್ಲೇನ್ ಜೊತೆ ಸೆಣಸುವ ಏಕೈಕ ಮನುಷ್ಯ ಅಂಕಣದಲ್ಲೇ ಇರುವುದಿಲ್ಲ. ಇಟ್ಟುಕೊಂಡರೆ? ರಸೆಲ್ ದೂರದಿಂದ ಹೊಡೆಯುವವರಲ್ಲ. ಫ್ರೀ ಥ್ರೋಗಳಲ್ಲಿ ಅವರ ಜೀವಮಾನದ ಯಶಸ್ಸು ಶೇ 56ರ ಆಸುಪಾಸು. ಎದುರಾಳಿ ಬೇಕೆಂದೇ ಫೌಲ್ ಮಾಡಿದರೆ ಆಟ ಕೈಬಿಟ್ಟಂತೆ. ಆ ಗಳಿಗೆಗೆ ಬೇಕಿದ್ದದ್ದು ಎದುರಾಳಿ ಕಡೆಗಣಿಸಲಾಗದ ಐವರು ಹೊಡೆತಗಾರರು. ಆಡಿಸಿದ ತಂತ್ರವೂ ರಸೆಲ್‌ರದ್ದಲ್ಲ. ಹ್ಯಾವ್ಲಿಚೆಕ್ ಮತ್ತು ಲ್ಯಾರಿ ಸೀಗ್‌ಫ್ರೀಡ್ ಒಹಾಯೊ ಸ್ಟೇಟ್‌ನಲ್ಲಿ ಕಲಿತು ತಂದದ್ದು ಅದು. ಬ್ರಯಂಟ್ ಚೆಂಡನ್ನು ಹ್ಯಾವ್ಲಿಚೆಕ್‌ಗೆ ಕೊಟ್ಟು ಅಡ್ಡ ನಿಂತರು, ನೆಲ್ಸನ್, ಹೋವೆಲ್ ಸಾಲುಗೂಡಿದರು. ಆ ಗೋಡೆಯ ಮರೆಯಲ್ಲಿ ಬಂದ ಜೋನ್ಸ್ ಮುಗ್ಗರಿಸುತ್ತಲೇ ಹೊಡೆದರು. ಚೇಂಬರ್ಲೇನ್ ಚಾಚಿದ ಕೈ ದಾಟಿದ ಚೆಂಡು ರಿಂಗಿನ ಮೇಲೆ ಹೊರಳಿ ಒಳಗೆ ಬಿತ್ತು. 89–88.

ಚೆಂಡು ಒಳಗೆ ಬಿದ್ದದ್ದು ಅದೃಷ್ಟ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಚೆಂಡು ಬೀಳುವ ಮೊದಲೇ ನಿರ್ಧಾರ ಸರಿಯಾಗಿತ್ತು ಎಂಬುದಷ್ಟೇ ನನ್ನ ವಾದ. ಅದೇ ಸರಣಿಯ ಏಳನೇ ಪಂದ್ಯದಲ್ಲಿ ಲೇಕರ್ಸ್ ಕೋಚ್ ಬುಚ್ ವಾನ್ ಬ್ರೆಡಾ ಕೋಲ್ಫ್ ಕೂಡ ತಮ್ಮ ದೈತ್ಯನನ್ನು ಹೊರಗೇ ಕೂರಿಸಿದರು. ಮಂಡಿನೋವಿನಿಂದ ಹೊರಹೋಗಿದ್ದ ಚೇಂಬರ್ಲೇನ್ ಮತ್ತೆ ಆಡುತ್ತೇನೆಂದರೂ ಒಪ್ಪಲಿಲ್ಲ. ತಂಡ 108–106ರಿಂದ ಸೋತಿತು. ಇದನ್ನೂ ಕೋಚ್‌ನ ಧೈರ್ಯ ಎಂದು ಹೊಗಳುವವರಿದ್ದಾರೆ. ಇನ್ನೊಬ್ಬನ ಮೇಲಿನ ಹಟಕ್ಕೂ ತನ್ನನ್ನೇ ಅಳೆದುಕೊಳ್ಳುವ ನಿಷ್ಠುರತೆಗೂ ಇರುವ ಅಂತರ ಅವರಿಗೆ ಕಾಣದಿರುವುದು ನನಗೆ ಆಶ್ಚರ್ಯ.

ಔರ್‌ಬ್ಯಾಕ್ ಕಟ್ಟಿದ ತಂಡ ತಾನಾಗಿ ಓಡಿತು ಎಂಬ ವಾದವಂತೂ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ. 1967ರಲ್ಲಿ ಆ ತಂಡವನ್ನು ಫಿಲಡೆಲ್ಫಿಯ 4–1ರಿಂದ ಬಡಿದುಹಾಕಿತ್ತು. ಮರುವರ್ಷ ಅದೇ ಎದುರಾಳಿಯ ಮುಂದೆ 1–3ರಿಂದ ಹಿಂದಿದ್ದು, ಸತತ ಮೂರು ಪಂದ್ಯ ಗೆದ್ದು ಮೇಲೆದ್ದರು. ಎನ್‌ಬಿಎಯಲ್ಲಿ ಅಲ್ಲಿಯವರೆಗೆ ಯಾರೂ ಅದನ್ನು ಮಾಡಿರಲಿಲ್ಲ. 1969ರ ತಂಡ ಪೂರ್ವ ವಿಭಾಗದಲ್ಲಿ ನಾಲ್ಕನೆಯದು, ಅದರ ಕೇಂದ್ರದಲ್ಲಿದ್ದ ರಸೆಲ್‌ರಿಗೆ ವಯಸ್ಸು 35. ಇನ್ನು ಜಾಕ್ಸನ್ ವಿಷಯ. ಶಿಕಾಗೊದಲ್ಲಿ ಜೋರ್ಡನ್, ಪಿಪ್ಪನ್. ಲಾಸ್ ಏಂಜಲೀಸ್‌ನಲ್ಲಿ ಓನೀಲ್, ಕೋಬಿ. ಎಲ್ಲರೂ ಅವರು ಕೋಚ್ ಆಗುವ ಮೊದಲೇ ಅಲ್ಲಿದ್ದವರು. ಆ ಪ್ರಶಸ್ತಿಗಳನ್ನು ಯಾರೂ ಹಿಂದಿನವರ ಖಾತೆಗೆ ಬರೆಯುವುದಿಲ್ಲ.

ರಸೆಲ್‌ರ ಸಿಯಾಟಲ್ ಮತ್ತು ಸ್ಯಾಕ್ರಮೆಂಟೊ ಅಧ್ಯಾಯಗಳನ್ನು ಮುಚ್ಚಿಡಲಾಗದು. ಸಿಯಾಟಲ್ ತಂಡವನ್ನು 1975ರಲ್ಲಿ ಅದರ ಮೊದಲ ಪ್ಲೇಆಫ್‌ಗೆ ಒಯ್ದರೂ ಅಲ್ಲಿಂದ ಮುಂದೆ ಏರಲಿಲ್ಲ. 1987–88ರಲ್ಲಿ ಸ್ಯಾಕ್ರಮೆಂಟೊದಲ್ಲಿ 17 ಗೆಲುವು, 41 ಸೋಲು. ಒಹಾಯೊದ ತಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಬರುವ ಆಟಗಾರರು ಇದ್ದಾಗಲಷ್ಟೇ ರಸೆಲ್‌ರ ರೀತಿ ಫಲಿಸಿತು. ಅದು ಆ ರೀತಿಯ ಮಿತಿ, ನಿಜ. ಆದರೆ ಜಾಕ್ಸನ್‌ರಿಗೆ ಅಂಥ ಬರಿಗೈ ತಂಡದ ಪರೀಕ್ಷೆ ಬರಲೇ ಇಲ್ಲ. ಹಾಲ್ ಆಫ್ ಫೇಮ್ ಅವರನ್ನು ಕೋಚ್ ಎಂದು 2007ರಲ್ಲಿ ಬರಮಾಡಿಕೊಂಡಿತು. ರಸೆಲ್‌ರನ್ನು ಕೋಚ್ ಎಂದು ಗುರುತಿಸಿದ್ದು 2021ರಲ್ಲಿ, ಅವರಿಗೆ 87 ತುಂಬಿದ ಮೇಲೆ.