ಎತ್ತುವ ಕೈ ಇಲ್ಲದೆ

ನಮ್ಮ ತುಮಕೂರಿನಲ್ಲಿ ಐಸ್ ಅಂದರೆ ನಮಗೆ ಗೊತ್ತಿರುವುದು ಕಡ್ಡಿಗೆ ಮೆತ್ತಿದ ಬಣ್ಣದ ಐಸು, ಇಲ್ಲವೇ ಮದುವೆ ಮನೆಯ ಪಾನಕಕ್ಕೆ ಕುಟ್ಟಿ ಹಾಕುವ ಗಡ್ಡೆ. ಅದರ ಮೇಲೆ ಗಂಡು ಹೆಣ್ಣು ಕೈ ಹಿಡಿದು ಕುಣಿಯುತ್ತಾರೆ, ಅದಕ್ಕೆ ಒಲಿಂಪಿಕ್ ಚಿನ್ನ ಕೊಡುತ್ತಾರೆ ಎಂದರೆ ನನ್ನ ಓರಗೆಯವರು ನಕ್ಕಾರು. ನಾನೂ ನಕ್ಕವಳೇ. ಆಮೇಲೆ ಮಗಳು ರಷ್ಯದ ಎಕಟೆರಿನಾ ಗೋರ್ಡೆಯೆವಾ ಬರೆದ ‘ಮೈ ಸೆರ್ಗೈ’ ಎಂಬ ಇಂಗ್ಲಿಷ್ ಪುಸ್ತಕ ತಂದುಕೊಟ್ಟಳು. 1996ರಲ್ಲಿ ಬಂದದ್ದು. ಓದಿ ಮುಗಿಸಿ, ಅವಳ ಆಟಗಳನ್ನೂ ಮಗಳ ಫೋನಿನಲ್ಲಿ ನೋಡಿದೆ. ಪುಸ್ತಕಕ್ಕಿಂತ ಆಟವೇ ಹೆಚ್ಚು ನಿಜ ಹೇಳುತ್ತದೆ ಎಂಬುದು ನನ್ನ ತಕರಾರು.

ಕಾತ್ಯಾಳನ್ನು ಸೆರ್ಗೈ ಗ್ರಿಂಕೋವ್ ಜೊತೆ ಜೋಡಿ ಮಾಡಿದಾಗ ಅವಳಿಗೆ ಹನ್ನೊಂದು, ಅವನಿಗೆ ಹದಿನೈದು. ಜೋಡಿಯನ್ನು ಗೊತ್ತು ಮಾಡಿದವರು ತರಬೇತುದಾರರು. ಥೇಟ್ ನಮ್ಮ ಕಡೆಯ ಹಿರಿಯರ ಹಾಗೆ. 1988ರಲ್ಲಿ ಕ್ಯಾಲ್ಗರಿಯಲ್ಲಿ ಚಿನ್ನ ಗೆದ್ದಾಗ ಅವಳಿಗಿನ್ನೂ ಹದಿನಾರು. 1991ರಲ್ಲಿ ಮದುವೆ, 1992ರಲ್ಲಿ ಮಗಳು, 1994ರಲ್ಲಿ ಲಿಲ್ಲೆಹ್ಯಾಮರ್‌ನಲ್ಲಿ ಮತ್ತೆ ಚಿನ್ನ. ಆ ಎರಡನೆಯ ಚಿನ್ನದ ಆಟ ನಿರ್ದೋಷವೇನಲ್ಲ, ಒಂದೆರಡು ಕಡೆ ನೆಗೆತ ತಪ್ಪಿದೆ. ಆದರೂ ನನಗೆ ಅದೇ ಮೇಲು. ಕ್ಯಾಲ್ಗರಿಯಲ್ಲಿ ಅವನು ಒಂದು ಮಗುವನ್ನು ಎತ್ತಿ ಆಡಿಸುತ್ತಿದ್ದಾನೆ. ಇಲ್ಲಿ, ಬೀಥೋವನ್ನನ ‘ಮೂನ್‌ಲೈಟ್ ಸೊನಾಟಾ’ಕ್ಕೆ, ಒಬ್ಬ ಹೆಂಗಸಿನ ಜೊತೆ ಕುಣಿಯುತ್ತಿದ್ದಾನೆ.

1987ರ ಯುರೋಪಿಯನ್ ಸ್ಪರ್ಧೆಯದೊಂದು ಪ್ರಸಂಗವಿದೆ. ಸೆರ್ಗೈನ ಷರಾಯಿಯ ಪಟ್ಟಿ ಕಿತ್ತುಬಂತು. ರೆಫರಿ ಸಂಗೀತ ನಿಲ್ಲಿಸಿದರು. ಇವರು ನಿಲ್ಲಲಿಲ್ಲ, ಸದ್ದೇ ಇಲ್ಲದ ಮಂಜಿನ ಮೇಲೆ ಕೊನೆಯವರೆಗೂ ಕುಣಿದು ಮುಗಿಸಿ ಸ್ಪರ್ಧೆಯಿಂದ ಹೊರಬಿದ್ದರು.

1995ರ ನವೆಂಬರ್ 20ರಂದು ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗಲೇ ಸೆರ್ಗೈ ಹೃದಯಾಘಾತದಿಂದ ತೀರಿಕೊಂಡ. ಅವನಿಗೆ 28, ಅವಳಿಗೆ 24. ಮರುವರ್ಷವೇ ಪುಸ್ತಕ. ಇ. ಎಂ. ಸ್ವಿಫ್ಟ್ ಎಂಬ ಪತ್ರಕರ್ತನ ಜೊತೆ ಸೇರಿ ಬರೆದದ್ದು. ಇಲ್ಲಿ ನನಗೆ ಇರುಸುಮುರುಸು. ದುಃಖ ಆರುವ ಮೊದಲೇ ಬರೆದದ್ದರಿಂದ ಸೆರ್ಗೈನ ಸಣ್ಣಪುಟ್ಟ ದೋಷಗಳೂ ಮುದ್ದಾಗಿಬಿಡುತ್ತವೆ. ಜೋಡಿ ಎಂದ ಮೇಲೆ ಜಗಳವಿಲ್ಲದೆ ಇರುತ್ತದೆಯೇ? ಹೆಸರಿನಲ್ಲೇ ‘ನನ್ನ ಸೆರ್ಗೈ’. ಹಾಗಾದರೆ ಕಾತ್ಯಾ ಎಲ್ಲಿ?

ಗುಬ್ಬಿ ನನ್ನ ತವರು. ವೀರಣ್ಣನವರ ಹೆಸರು ಕೇಳಿಯೇ ಬೆಳೆದೆವು. ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು, ಸರಿಯೇ. ಆದರೆ ಅವರ ಜೊತೆ ರಂಗದಲ್ಲೂ ಮನೆಯಲ್ಲೂ ಬಾಳಿದ ಬಿ. ಜಯಮ್ಮನವರನ್ನು ‘ವೀರಣ್ಣನವರ ಹೆಂಡತಿ’ ಎಂದೇ ಪರಿಚಯಿಸುವುದು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಬಂದ ವರ್ಷವೇ ಬಿ. ಎನ್. ರೆಡ್ಡಿಯವರ ತೆಲುಗು ‘ಸ್ವರ್ಗಸೀಮ’ದಲ್ಲೂ ಅವರು ಗಂಡ ಬಿಟ್ಟುಹೋದ ಹೆಂಡತಿಯಾಗಿ ನಟಿಸಿದ್ದರು. ಅಲ್ಲಿ ಪಕ್ಕದಲ್ಲಿದ್ದವರು ನಾಗಯ್ಯ, ಭಾನುಮತಿ. ಗುಬ್ಬಿ ಕಂಪನಿಯ ನೆರಳಿಲ್ಲದೆಯೂ ಆಕೆ ನಿಂತಿದ್ದರು. ಜೋಡಿಯಲ್ಲಿ ಹೆಸರಾದ ಹೆಂಗಸು ಒಬ್ಬಳೇ ಏನು ಎಂದು ನಾವು ಕೇಳುವುದೇ ಕಡಿಮೆ.

ಕಾತ್ಯಾ ಅದಕ್ಕೆ ಉತ್ತರ ಕೊಟ್ಟದ್ದು ಪುಸ್ತಕದಲ್ಲಲ್ಲ. 1996ರ ಫೆಬ್ರುವರಿ 27ರಂದು, ಅವನು ಹೋದ ಮೂರೇ ತಿಂಗಳಿಗೆ, ಹಾರ್ಟ್‌ಫರ್ಡ್‌ನಲ್ಲಿ ಮಾಲರ್‌ನ ಸಂಗೀತಕ್ಕೆ ಒಬ್ಬಳೇ ಇಳಿದಳು. ಮುಂದೆ ವರ್ಷಗಟ್ಟಲೆ ಒಂಟಿಯಾಗಿಯೇ ಪ್ರದರ್ಶನ ಕೊಟ್ಟಳು. ಮತ್ತೆ ಮದುವೆಯೂ ಆದಳು. (ಇದನ್ನು ಹೇಳಿದಾಗ ನಮ್ಮ ಬೀದಿಯ ಇಬ್ಬರ ಮುಖ ನೋಡಬೇಕಿತ್ತು.)

ಕುಣಿಗಲ್ಲಿನ ನಮ್ಮ ಚಿಕ್ಕಮ್ಮ ಹಾಡುತ್ತಿದ್ದರು, ಚಿಕ್ಕಪ್ಪ ಹಾರ್ಮೋನಿಯಂ ನುಡಿಸುತ್ತಿದ್ದರು. ಶನಿವಾರದ ಭಜನೆಗೆ ಇಬ್ಬರೂ ಬೇಕೇ ಬೇಕು. ಚಿಕ್ಕಪ್ಪ ಹೋದ ಮೇಲೆ ಯಾರೋ, ‘ಇನ್ನು ನಿಮಗ್ಯಾಕೆ ಇದೆಲ್ಲ’ ಅಂದರಂತೆ. ಹನ್ನೊಂದು ವರ್ಷ ಬಾಯಿ ಬಿಟ್ಟಿಲ್ಲ. ಅಡುಗೆಮನೆಯಲ್ಲೂ ಇಲ್ಲ. ನಾವೂ, ಮನೆಯ ಹೆಣ್ಣುಮಕ್ಕಳೂ, ‘ಹಾಡಿ ಚಿಕ್ಕಮ್ಮ’ ಅನ್ನಲಿಲ್ಲ. ಅಂದರೆ ಅವರ ದುಃಖಕ್ಕೆ ಅವಮಾನ ಮಾಡಿದ ಹಾಗೆ ಎಂದುಕೊಂಡೆವು.

ಹೋದ ಸಲ ಕುಣಿಗಲ್ಲಿಗೆ ಹೋದಾಗ ಹಾರ್ಟ್‌ಫರ್ಡ್ ಆಟವನ್ನು ಅವರಿಗೆ ತೋರಿಸಿದೆ. ಮೊದಲು ಜೋಡಿಯಾಗಿ ಆಡಿದ್ದನ್ನು, ಆಮೇಲೆ ಇದನ್ನು. ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಅವ್ನು ಎತ್ತೋ ಜಾಗ ಬಂದಾಗ ಅವ್ಳು ಏನ್ ಮಾಡ್ತಾಳೆ?’ ಎಂದರು.

ಯಾವ ಪತ್ರಕರ್ತನೂ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದನ್ನು ನಾನು ಓದಿಲ್ಲ. ನನಗೆ ಕಂಡದ್ದು ಹೇಳಿದೆ: ಕೈ ಚಾಚುತ್ತಾಳೆ ಚಿಕ್ಕಮ್ಮ, ಹಾಗೇ ಮುಂದಕ್ಕೆ ಜಾರಿ ಹೋಗುತ್ತಾಳೆ.

‘ಇನ್ನೊಂದ್ಸಲ ಹಾಕು’ ಎಂದರು. ಹಾಕಿದೆ. ಅರ್ಧಕ್ಕೆ ಫೋನಿನ ಚಾರ್ಜು ಮುಗಿಯಿತು.